ಕವರ್ ಹಾಡು ರೆಕಾರ್ಡ್ ಮಾಡಬೇಕೇ? ಸ್ಟುಡಿಯೋ ಬುಕ್ ಮಾಡುವ ಮೊದಲು ಇದನ್ನು ಓದಿ

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ. ಎಲ್ಲಿಗೆ ಹೋದರೂ ಚೆನ್ನಾಗಿ ಹಾಡುವ ಮಕ್ಕಳು ಸಿಗುತ್ತಾರೆ. ಭಜನಾ ಮಂದಿರದಲ್ಲಿ ಹಾಡಿದವರು, ಕಲೋತ್ಸವದಲ್ಲಿ ಬಹುಮಾನ ಪಡೆದವರು, ಭಾಗವತಿಕೆ ಕಲಿಯುತ್ತಿರುವವರು. ಅವರೂ ಅವರ ತಂದೆತಾಯಿಯರೂ ಕೇಳುವ ಪ್ರಶ್ನೆ ಒಂದೇ: "ಒಂದು ಹಳೆಯ ಭಾವಗೀತೆಯನ್ನು ಸ್ಟುಡಿಯೋದಲ್ಲಿ ಸರಿಯಾಗಿ ರೆಕಾರ್ಡ್ ಮಾಡಬೇಕು. ಎಷ್ಟು ಖರ್ಚಾಗುತ್ತದೆ? ಎಲ್ಲಿಂದ ಶುರು ಮಾಡುವುದು?"

ಹೀಗೆ ಈಗಾಗಲೇ ಬಂದಿರುವ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡುವುದನ್ನೇ ಕವರ್ ಅನ್ನುತ್ತಾರೆ. ಖರ್ಚು ಎಷ್ಟು ಅನ್ನುವುದು ಸ್ಟುಡಿಯೋದ ದರಕ್ಕಿಂತ ಜಾಸ್ತಿ ನಿಮ್ಮ ತಯಾರಿಯ ಮೇಲೆ ನಿಂತಿದೆ. ಶ್ರುತಿ ಯಾವುದು, ವೇಗ ಎಷ್ಟು, ಎರಡನೇ ಚರಣದ ಮೊದಲು ಕೊಳಲೋ ಪಿಟೀಲೋ ಎಂದು ಸ್ಟುಡಿಯೋದಲ್ಲಿ ಕೂತು ಚರ್ಚೆ ಮಾಡಿದರೆ ಆ ಚರ್ಚೆಗೂ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಇವನ್ನೆಲ್ಲ ಮನೆಯಲ್ಲೇ ತೀರ್ಮಾನಿಸಬಹುದು. ಸ್ಟುಡಿಯೋ ಇರುವುದು ಹಾಡುವುದಕ್ಕೆ, ನುಡಿಸುವುದಕ್ಕೆ.

ಮೊದಲು ಮಲ್ಟಿಟ್ರ್ಯಾಕ್ ಅಂದರೆ ಏನು ಎಂದು ನೋಡೋಣ. ಯಕ್ಷಗಾನದಲ್ಲಿ ಭಾಗವತರು, ಚೆಂಡೆ, ಮದ್ದಳೆ ಎಲ್ಲ ಒಟ್ಟಿಗೆ ನಡೆಯುತ್ತದೆ. ಅದನ್ನು ಒಂದೇ ಮೈಕಿನಲ್ಲಿ ಹಿಡಿದರೆ ಆಮೇಲೆ ಚೆಂಡೆಯನ್ನು ಮಾತ್ರ ಕಡಿಮೆ ಮಾಡಲು ಆಗುವುದಿಲ್ಲ. ಮಲ್ಟಿಟ್ರ್ಯಾಕ್‌ನಲ್ಲಿ ಪ್ರತಿ ವಾದ್ಯವೂ ಪ್ರತಿ ಧ್ವನಿಯೂ ಬೇರೆ ಬೇರೆ ಫೈಲಿನಲ್ಲಿ, ಅಂದರೆ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂರುತ್ತದೆ. ತಬಲದವರು ಇಂದು, ಕೊಳಲಿನವರು ಮುಂದಿನ ವಾರ, ಗಾಯಕರು ಅದರ ಮುಂದಿನ ವಾರ ಬಂದರೂ ನಡೆಯುತ್ತದೆ. ಒಬ್ಬರ ತಪ್ಪು ಇನ್ನೊಬ್ಬರ ಕೆಲಸವನ್ನು ಕೆಡಿಸುವುದಿಲ್ಲ. ಆದರೆ ಇಷ್ಟೆಲ್ಲ ಕೊನೆಗೆ ಒಂದಕ್ಕೊಂದು ಕೂಡಿಬರಬೇಕಾದರೆ ಮೊದಲೇ ಒಂದು ಗಟ್ಟಿ ಯೋಜನೆ ಬೇಕು.

1. ಹಾಡು ಆರಿಸಿ, ಅದರ ಹಕ್ಕು ಯಾರಲ್ಲಿದೆ ನೋಡಿ

ಈ ಹಂತವನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಗ ತಡವಾಗಿರುತ್ತದೆ.

ರೆಕಾರ್ಡ್ ಆಗಿ ಬಂದಿರುವ ಒಂದು ಹಾಡಿನಲ್ಲಿ ಮೂರು ಹಕ್ಕುಗಳಿವೆ. ಸಾಹಿತ್ಯದ ಹಕ್ಕು, ಸಂಗೀತ ಸಂಯೋಜನೆಯ ಹಕ್ಕು, ಧ್ವನಿಮುದ್ರಣದ ಹಕ್ಕು. ನೀವು ಎಲ್ಲವನ್ನೂ ಹೊಸದಾಗಿ ನುಡಿಸಿ ಹಾಡಿದರೆ ಮೂರನೆಯದನ್ನು ಮುಟ್ಟುವುದಿಲ್ಲ. ಮೊದಲ ಎರಡು ಮಾತ್ರ ಉಳಿಯುತ್ತವೆ. ಆದರೆ ಯಾರೋ ಮಾಡಿಟ್ಟ ಕರೋಕೆಯನ್ನು ಯೂಟ್ಯೂಬಿನಿಂದ ಇಳಿಸಿಕೊಂಡು ಅದರ ಮೇಲೆ ಹಾಡಿದರೆ ಅವರ ಧ್ವನಿಮುದ್ರಣವನ್ನೂ ಬಳಸಿದ ಹಾಗಾಯಿತು. ಅದಕ್ಕೆ ಅವರ ಒಪ್ಪಿಗೆಯೂ ಬೇಕು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತದ ಹಕ್ಕು, ಬರೆದವರು ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷ ಇರುತ್ತದೆ. ನಮ್ಮ ಊರಿನವರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಹಕ್ಕು 2023ರ ಕೊನೆಗೆ ಮುಗಿದಿದೆ. ಈಗ ಯಾರು ಬೇಕಾದರೂ ಹಾಡಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಅವರ ಕವಿತೆಗಳ ಹಕ್ಕು 2075ರ ಕೊನೆಯವರೆಗೆ ಇದೆ, ಹಕ್ಕುದಾರರನ್ನು ಕೇಳಲೇಬೇಕು. ದಾಸರ ಪದಗಳ ಸಾಹಿತ್ಯಕ್ಕೆ ಈ ತೊಡಕಿಲ್ಲ. ಆದರೆ ನಿಮಗೆ ಇಷ್ಟವಾದ ಆ ಧಾಟಿ ಇತ್ತೀಚಿನ ಸಂಗೀತ ಸಂಯೋಜಕರದ್ದಾಗಿದ್ದರೆ ಧಾಟಿಗೆ ಹಕ್ಕು ಇದ್ದೇ ಇರುತ್ತದೆ. ಕವಿತೆ ಮುಕ್ತವಾಗಿದೆ ಅಂದರೆ ಧಾಟಿಯೂ ಮುಕ್ತ ಎಂದು ತಿಳಿಯಬೇಡಿ.

"ಐದು ವರ್ಷ ಕಳೆದರೆ ಯಾರು ಬೇಕಾದರೂ ಕವರ್ ಮಾಡಬಹುದು" ಎಂಬ ಮಾತು ನೀವೂ ಕೇಳಿರುತ್ತೀರಿ. ಇದು ಕಾಯ್ದೆಯ 31ಸಿ ಕಲಂನ ಅರ್ಧ ಭಾಗ ಮಾತ್ರ. 2012ರ ತಿದ್ದುಪಡಿಯಲ್ಲಿ ಬಂದ ಈ ಕಲಂ ಐದು ವರ್ಷದ ಜೊತೆಗೆ ಬೇರೆ ಷರತ್ತುಗಳನ್ನೂ ಇಟ್ಟಿದೆ. ಹಕ್ಕುದಾರರಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಪ್ರತಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನವನ್ನು (ರಾಯಲ್ಟಿ) ಮುಂಗಡ ಕಟ್ಟಬೇಕು. ಹಾಡನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಒಬ್ಬ ಹವ್ಯಾಸಿ ಗಾಯಕರಿಗೆ ಈ ದಾರಿ ನಡೆಯುವಂಥದ್ದಲ್ಲ. ಹಾಡಿನ ಹಕ್ಕು ಇರುವ ಆಡಿಯೋ ಕಂಪನಿಗೋ ಕವಿಯ ಕುಟುಂಬಕ್ಕೋ ನೇರವಾಗಿ ಬರೆದು ಕೇಳುವುದೇ ಒಳ್ಳೆಯದು. ಎಷ್ಟೋ ಕುಟುಂಬಗಳು ಸಂತೋಷದಿಂದ ಒಪ್ಪುತ್ತವೆ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ.

ಅನುಮತಿ ಇಲ್ಲದೆ ಯೂಟ್ಯೂಬಿಗೆ ಹಾಕಿದರೆ ಏನಾಗುತ್ತದೆ? ಅಲ್ಲಿನ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಧಾಟಿಯನ್ನು ಗುರುತಿಸಬಹುದು. ಆಗ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ವಿಡಿಯೋವೇ ತಡೆಯಲ್ಪಡಬಹುದು. ಅಷ್ಟೆಲ್ಲ ಕಷ್ಟಪಟ್ಟು ಮಾಡಿದ ಹಾಡು ಯಾರಿಗೂ ಕೇಳದ ಹಾಗಾದರೆ ಬೇಸರ ಅಲ್ವಾ?

2. ಶ್ರುತಿ ನಿರ್ಧರಿಸಿ

ಮೂಲ ಗಾಯಕರ ಶ್ರುತಿಯಲ್ಲೇ ಹಾಡಬೇಕೆಂಬ ನಿಯಮವೇನೂ ಇಲ್ಲ. ನಿಮ್ಮ ಕಂಠಕ್ಕೆ ಹೊಂದುವ ಶ್ರುತಿ ಬೇಕು.

ಹೀಗೆ ಪರೀಕ್ಷೆ ಮಾಡಿ. ಹಾಡಿನ ಅತಿ ಮೇಲಿನ ಸ್ವರ ಎಲ್ಲಿದೆ, ಅತಿ ಕೆಳಗಿನ ಸ್ವರ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಮೇಲಿನದು ಸಾಮಾನ್ಯವಾಗಿ ಚರಣದಲ್ಲಿ ಇರುತ್ತದೆ. ಒಂದು ಶ್ರುತಿ ಹಿಡಿದು ಇಡೀ ಹಾಡನ್ನು ಬಿಡುವಿಲ್ಲದೆ ಮೂರು ಸಲ ಹಾಡಿ. ಮೂರನೇ ಸಲವೂ ಮೇಲಿನ ಸ್ವರ ಗಂಟಲು ಬಿಗಿಯದೆ ಬಂದರೆ ಆ ಶ್ರುತಿ ಸರಿ. ಸ್ಟುಡಿಯೋದಲ್ಲಿ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತಾರೆ, ಆದ್ದರಿಂದ ಒಂದು ಸಲ ಮುಟ್ಟಿದರೆ ಸಾಲದು. ಬರದಿದ್ದರೆ ಅರ್ಧ ಮನೆ, ಅಂದರೆ ಕೀಬೋರ್ಡಿನ ಪಕ್ಕದ ಒಂದು ಕೀಲಿಯಷ್ಟು, ಇಳಿಸಿ ನೋಡಿ. ಇಳಿಸುತ್ತಾ ಹೋದರೆ ಪಲ್ಲವಿಯ ಕೆಳಗಿನ ಸ್ವರ ಬರೀ ಗಾಳಿಯಾಗುತ್ತದೆ, ಅಲ್ಲಿ ನಿಲ್ಲಿಸಿ. ಈ ಪರೀಕ್ಷೆಯನ್ನು ಬೆಳಿಗ್ಗೆ ಎದ್ದ ತಕ್ಷಣ ಮಾಡಬೇಡಿ. ರೆಕಾರ್ಡಿಂಗ್ ಯಾವ ಹೊತ್ತಿಗೆ ಇದೆಯೋ ಅದೇ ಹೊತ್ತಿಗೆ ಮಾಡಿ.

ಭಜನೆ ಮತ್ತು ಭಾಗವತಿಕೆಯಲ್ಲಿ ಪಳಗಿದವರಿಗೆ ಒಂದು ಮಾತು. ಬಯಲಿನಲ್ಲಿ ಚೆಂಡೆಯ ಮೇಲಿಂದ ಕೇಳಿಸಬೇಕಾದ ಧ್ವನಿಗೆ ಎತ್ತರದ ಶ್ರುತಿ ಬೇಕು. ಸ್ಟುಡಿಯೋದ ಮೈಕಿಗೆ ಅದು ಬೇಡ. ಭಾವಗೀತೆಗೆ ಅರ್ಧ ಅಥವಾ ಒಂದು ಮನೆ ಇಳಿಸಿ ಹಾಡಿದರೆ ಮಾತು ಮೆತ್ತಗಾಗಿ, ಸ್ಪಷ್ಟವಾಗಿ ಬರುತ್ತದೆ.

ಶ್ರುತಿ ತೀರ್ಮಾನವಾದ ಮೇಲೆ ಎಲ್ಲರಿಗೂ ಅರ್ಥವಾಗುವಂತೆ ಬರೆದು ಕಳಿಸಿ. ಇಲ್ಲಿ ಗೊಂದಲ ಜಾಸ್ತಿ. ಯಕ್ಷಗಾನದವರು "ಕಪ್ಪು ಎರಡು" ಅನ್ನುತ್ತಾರೆ, ಕರ್ನಾಟಕ ಸಂಗೀತದವರು "ಎರಡೂವರೆ" ಅನ್ನುತ್ತಾರೆ, ಕೀಬೋರ್ಡಿನವರು "ಡಿ ಶಾರ್ಪ್" ಅನ್ನುತ್ತಾರೆ. ಮೂರೂ ಒಂದೇ. ಬಿಳಿ ಒಂದು ಅಂದರೆ ಸಿ, ಕಪ್ಪು ಒಂದು ಅಂದರೆ ಸಿ ಶಾರ್ಪ್, ಬಿಳಿ ನಾಲ್ಕು ಅಂದರೆ ಎಫ್, ಬಿಳಿ ಐದು ಅಂದರೆ ಜಿ. ಕೊಳಲಿನವರಿಗೆ ಇದು ಮೊದಲೇ ಗೊತ್ತಿರಬೇಕು, ಯಾಕೆಂದರೆ ಶ್ರುತಿಗೆ ತಕ್ಕ ಕೊಳಲನ್ನೇ ಅವರು ತರಬೇಕು. ತಬಲದವರೂ ಅಷ್ಟೇ. ಬಲಗೈ ತಬಲದ ಅಳತೆ ಶ್ರುತಿಯ ಮೇಲೆ ನಿಂತಿದೆ.

ಹಾರ್ಮೋನಿಯಂ ಬಳಸುವುದಾದರೆ ಜಾಗ್ರತೆ. ಇಂದು ಎಲ್ಲ ಕೀಬೋರ್ಡುಗಳೂ ಎ ಸ್ವರಕ್ಕೆ 440 ಹರ್ಟ್ಸ್ ಎಂಬ ಅಳತೆಯಲ್ಲಿ ಬರುತ್ತವೆ. ಭಜನಾ ಮಂದಿರದ ಹಳೆಯ ಹಾರ್ಮೋನಿಯಂ ಅದಕ್ಕಿಂತ ಸ್ವಲ್ಪ ಮೇಲೋ ಕೆಳಗೋ ಇರಬಹುದು. ಸ್ಟುಡಿಯೋದಲ್ಲಿ ಕೂತು ಅದನ್ನು ತಿರುಗಿಸಿ ಸರಿ ಮಾಡಲು ಆಗದು. ಫೋನಿನ ಟ್ಯೂನರ್ ಆ್ಯಪಿನಲ್ಲಿ ಮೊದಲೇ ಪರೀಕ್ಷಿಸಿ. ವ್ಯತ್ಯಾಸ ಇದ್ದರೆ ಒಂದೋ ಬೇರೆ ಹಾರ್ಮೋನಿಯಂ ತನ್ನಿ, ಇಲ್ಲವೇ ಉಳಿದ ಎಲ್ಲವನ್ನೂ ಇದಕ್ಕೆ ಹೊಂದಿಸಲು ಸ್ಟುಡಿಯೋದ ಸೌಂಡ್ ಎಂಜಿನಿಯರಿಗೆ ಹೇಳಿ. ಮೂಲ ಹಾಡಿನ ಜೊತೆ ನುಡಿಸಿ ಅಭ್ಯಾಸ ಮಾಡುವವರೂ ಗಮನಿಸಿ: ಟೇಪಿನ ಕಾಲದ ಹಾಡುಗಳು ಎಷ್ಟೋ ಸಲ 440ಕ್ಕೆ ಸರಿಯಾಗಿ ಕೂರುವುದಿಲ್ಲ.

3. ವೇಗ ಮತ್ತು ಹಾಡಿನ ನಕ್ಷೆ

ಇಡೀ ಕೆಲಸದಲ್ಲಿ ನಾನು ಅತಿ ಮುಖ್ಯ ಅನ್ನುವುದು ಈ ಹಂತವನ್ನು. ಇದೊಂದು ಕಾಗದ ಕೈಯಲ್ಲಿದ್ದರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ.

ವೇಗವನ್ನು ಬಿಪಿಎಂ ಎಂದು ಅಳೆಯುತ್ತಾರೆ, ನಿಮಿಷಕ್ಕೆ ಎಷ್ಟು ಏಟು ಎಂಬ ಲೆಕ್ಕ. ಮೆಟ್ರೋನೋಮ್ ಆ್ಯಪಿನಲ್ಲಿ 'ಟ್ಯಾಪ್' ಎಂಬ ಗುಂಡಿ ಇರುತ್ತದೆ. ಹಾಡುತ್ತಾ ತಾಳಕ್ಕೆ ಸರಿಯಾಗಿ ಅದನ್ನು ಒತ್ತಿದರೆ ವೇಗ ಎಷ್ಟೆಂದು ತೋರಿಸುತ್ತದೆ. ಪಲ್ಲವಿಗೊಮ್ಮೆ, ಚರಣಕ್ಕೊಮ್ಮೆ ಅಳೆಯಿರಿ. ಎರಡೂ ಬೇರೆ ಬಂದರೆ ನಡುವಿನ ಒಂದನ್ನು ಹಿಡಿದು, ಆ ವೇಗದಲ್ಲಿ ಸಾಹಿತ್ಯದ ಅತಿ ದಟ್ಟವಾದ ಸಾಲನ್ನು ಹಾಡಿ ನೋಡಿ. ಉಸಿರು ಸಾಕಾಗುತ್ತದೆಯೇ? ಮಾತು ನುಂಗಿಹೋಗುತ್ತದೆಯೇ? ಎರಡು ಮೂರು ಬಿಪಿಎಂ ವ್ಯತ್ಯಾಸವೂ ಹಾಡುವವರಿಗೆ ಗೊತ್ತಾಗುತ್ತದೆ.

ಈ ವೇಗದಲ್ಲಿ ಟಿಕ್ ಟಿಕ್ ಎಂದು ಬರುವ ಸದ್ದನ್ನು ಕ್ಲಿಕ್ ಅನ್ನುತ್ತಾರೆ. ರೆಕಾರ್ಡಿಂಗ್ ವೇಳೆ ಎಲ್ಲರೂ ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತಾ ನುಡಿಸುತ್ತಾರೆ. ಬೇರೆ ಬೇರೆ ದಿನ ಬಂದವರನ್ನು ಒಟ್ಟಿಗೆ ಹಿಡಿದಿಡುವುದು ಅದೊಂದೇ. ಕ್ಲಿಕ್ ಜೊತೆ ಹಾಡಿ ಅಭ್ಯಾಸ ಇಲ್ಲದವರು ಕನಿಷ್ಠ ಎರಡು ವಾರ ದಿನಾ ಅದರ ಜೊತೆ ಹಾಡಬೇಕು. ಮೊದಲ ದಿನ ಉಸಿರು ಕಟ್ಟಿದಂತೆ ಅನ್ನಿಸುತ್ತದೆ, ಆಮೇಲೆ ಒಗ್ಗುತ್ತದೆ.

ಈಗ ನಕ್ಷೆ. ಹಾಡನ್ನು ಬಾರ್‌ಗಳಾಗಿ ಎಣಿಸಬೇಕು. ನಾಲ್ಕು ಏಟಿಗೆ ಒಂದು ಬಾರ್ ಎಂದಿಟ್ಟುಕೊಂಡರೆ ಆದಿತಾಳದ ಒಂದು ಆವರ್ತ ಎರಡು ಬಾರ್. ಒಂದು ಮಾದರಿ ನೋಡಿ. ವೇಗ 80 ಬಿಪಿಎಂ, ಅಂದರೆ ಒಂದು ಬಾರ್‌ಗೆ ಸರಿಯಾಗಿ 3 ಸೆಕೆಂಡ್.

ಆರಂಭದ ಸಂಗೀತ: ಬಾರ್ 1ರಿಂದ 8, ಕೊಳಲು
ಪಲ್ಲವಿ: 9ರಿಂದ 24, ತಬಲ 17ರಲ್ಲಿ ಸೇರುತ್ತದೆ
ನಡುಸಂಗೀತ: 25ರಿಂದ 32, ಪಿಟೀಲು
ಮೊದಲ ಚರಣ: 33ರಿಂದ 48
ಪಲ್ಲವಿ ಅರ್ಧ: 49ರಿಂದ 56
ಎರಡನೇ ನಡುಸಂಗೀತ: 57ರಿಂದ 64, ಕೊಳಲು ಮತ್ತು ಪಿಟೀಲು
ಎರಡನೇ ಚರಣ: 65ರಿಂದ 80
ಪಲ್ಲವಿ: 81ರಿಂದ 96, ಕೋರಸ್ ಜೊತೆ
ಮುಕ್ತಾಯ: 97ರಿಂದ 100

ಒಟ್ಟು 100 ಬಾರ್, ಐದು ನಿಮಿಷ. ಈ ಹಾಳೆಯನ್ನು ಎಲ್ಲರಿಗೂ ವಾಟ್ಸಾಪ್ ಮಾಡಿ, ನಾಲ್ಕು ಪ್ರತಿ ಮುದ್ರಿಸಿಯೂ ಒಯ್ಯಿರಿ. ನಮ್ಮ ಕಡೆ ಇದರ ಬೆಲೆ ಇನ್ನೂ ಜಾಸ್ತಿ. ಕಾಞಂಗಾಡು, ಕಣ್ಣೂರಿನ ಕಡೆಯ ಸ್ಟುಡಿಯೋಗಳಲ್ಲಿ ಎಂಜಿನಿಯರ್‌ಗೆ ಕನ್ನಡ ಬಾರದೇ ಇರಬಹುದು. "ಎರಡನೇ ಚರಣದ ಮೂರನೇ ಸಾಲಿನಿಂದ ಹಾಕಿ" ಅಂದರೆ ಅವರಿಗೆ ಹುಡುಕಲು ಕಷ್ಟ. "73ನೇ ಬಾರ್" ಅಂದರೆ ಆ ಕ್ಷಣಕ್ಕೆ ಸಿಗುತ್ತದೆ.

ಎರಡು ಕಡೆ ಎಡವುವವರು ಬಹಳ. ಒಂದು, ಎಡುಪು. ಹಾಡು ತಾಳದ ಮೊದಲ ಏಟಿಗೆ ಶುರುವಾಗದೆ ಅರ್ಧ ಏಟು ಬಿಟ್ಟೋ, ಅದಕ್ಕಿಂತ ಮೊದಲೋ ಶುರುವಾದರೆ ನಕ್ಷೆಯಲ್ಲಿ ಅದನ್ನು ಬರೆಯಲೇಬೇಕು. ಇಲ್ಲದಿದ್ದರೆ ತಬಲದವರು ತಪ್ಪು ಜಾಗದಲ್ಲಿ ಸಮ (ಆವರ್ತದ ಮೊದಲ ಏಟು) ಹಿಡಿಯುತ್ತಾರೆ. ಇನ್ನೊಂದು, ಆರಂಭದ ಆಲಾಪ. ತಾಳವಿಲ್ಲದ ಆಲಾಪವನ್ನು ಕ್ಲಿಕ್ಕಿಗೆ ಕಟ್ಟಿಹಾಕಬೇಡಿ. ಅದನ್ನು ಪ್ರತ್ಯೇಕವಾಗಿ, ತಂಬೂರದ ಶ್ರುತಿಯ ಮೇಲೆ ಮಾತ್ರ ರೆಕಾರ್ಡ್ ಮಾಡಿ ಆಮೇಲೆ ಮುಂದಕ್ಕೆ ಜೋಡಿಸಬಹುದು.

4. ಗೈಡ್ ಟ್ರ್ಯಾಕ್ ಮನೆಯಲ್ಲೇ ಮಾಡಿ

ಗೈಡ್ ಟ್ರ್ಯಾಕ್ ಅಂದರೆ ಕ್ಲಿಕ್ಕಿನ ಜೊತೆ ಒಂದು ಕೀಬೋರ್ಡ್ ಅಥವಾ ಗಿಟಾರ್ ಇಟ್ಟುಕೊಂಡು ಇಡೀ ಹಾಡನ್ನು ಹಾಡಿಟ್ಟ ಕಚ್ಚಾ ಪ್ರತಿ. ಕೊನೆಯ ಹಾಡಿನಲ್ಲಿ ಇದು ಇರುವುದಿಲ್ಲ. ಆದರೆ ವಾದ್ಯದವರು ಇದನ್ನು ಕೇಳಿಯೇ ನುಡಿಸುವುದು. ಲ್ಯಾಪ್‌ಟಾಪಿನಲ್ಲಿ ಉಚಿತವಾಗಿ ಸಿಗುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಕು, ಫೋನಿನ ಇಯರ್‌ಫೋನ್ ಮೈಕೂ ಸಾಕು. ಕ್ಲಿಕ್ ಇಯರ್‌ಫೋನಿನಲ್ಲೇ ಬರಲಿ. ಸ್ಪೀಕರಿನಲ್ಲಿ ಹಾಕಿದರೆ ಅದು ಮೈಕಿಗೂ ಹೋಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಸದ್ದು ಕಿವಿಗೆ ತಡವಾಗಿ ತಲುಪುತ್ತದೆ, ನೀವು ಸರಿಯಾಗಿ ಹಾಡಿದರೂ ರೆಕಾರ್ಡಿನಲ್ಲಿ ಹಿಂದೆ ಬಿದ್ದಿರುತ್ತದೆ. ಹೀಗೆ ತಡವಾಗುವುದನ್ನು ಲೇಟೆನ್ಸಿ ಅನ್ನುತ್ತಾರೆ.

ಹಾಡಿನ ಮೊದಲು ಎರಡು ಬಾರ್ ಬರೀ ಕ್ಲಿಕ್ ಬಿಡಿ. ಎಲ್ಲರಿಗೂ ಎಣಿಸಿಕೊಂಡು ಶುರು ಮಾಡಲು ಅದು ಬೇಕು. ನಕ್ಷೆಯ ಬಾರ್ 1 ಈ ಎರಡರ ನಂತರ ಶುರುವಾಗುತ್ತದೆ ಎಂದು ಹಾಳೆಯಲ್ಲೂ ಬರೆದಿಡಿ.

ಗೈಡ್ ಮಾಡಿ ಎರಡು ದಿನ ಬಿಟ್ಟು ಕೇಳಿ. ನಡುಸಂಗೀತ ಉದ್ದವಾಯಿತು ಅನ್ನಿಸಿದರೆ ಈಗಲೇ ಕತ್ತರಿಸಿ. ಈಗ ಕತ್ತರಿಸಿದರೆ ದುಡ್ಡು ಹೋಗುವುದಿಲ್ಲ.

5. ಯಾರು ನುಡಿಸುತ್ತಾರೆ, ಯಾವ ತಿಂಗಳಲ್ಲಿ

ವಾದ್ಯ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಭಾವಗೀತೆಗೆ ತಬಲ, ಕೊಳಲು, ಕೀಬೋರ್ಡ್ ಅಥವಾ ಗಿಟಾರ್, ಜೊತೆಗೆ ತಂಬೂರ. ಅಷ್ಟು ಸಾಕು. ಮೂಲ ಹಾಡಿನಲ್ಲಿ ಹತ್ತು ಪಿಟೀಲು ಇತ್ತೆಂದು ಅದನ್ನು ಕಂಪ್ಯೂಟರಿನಿಂದ ತುಂಬಿಸಲು ಹೋದರೆ ನಕಲಿನ ಸದ್ದು ಬರುತ್ತದೆ. ನಿಮ್ಮ ಕವರ್‌ಗೆ ಚೆಂಡೆ ಮದ್ದಳೆ ಸೇರಿಸುವ ಆಸೆ ಇದ್ದರೆ ಖಂಡಿತ ಸೇರಿಸಿ, ಅದು ನಮ್ಮ ನೆಲದ ಸದ್ದು. ಆದರೆ ಚೆಂಡೆ ಎಲ್ಲಿ ಬರಬೇಕೋ ಆ ಬಾರ್‌ಗಳಲ್ಲಿ ಮಾತ್ರ.

ತಿಂಗಳು ಯಾಕೆ ಮುಖ್ಯ? ತೆಂಕುತಿಟ್ಟಿನ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾದರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ ನಡೆಯುತ್ತದೆ. ಆ ದಿನಗಳಲ್ಲಿ ಹಿಮ್ಮೇಳದವರು ರಾತ್ರಿ ಆಟದಲ್ಲಿರುತ್ತಾರೆ, ಹಗಲು ನಿದ್ದೆ ಬೇಕು. ಕಲೋತ್ಸವದ ಸಮಯದಲ್ಲಿ ತಬಲದವರು ಸಿಗುವುದಿಲ್ಲ. ಮಳೆಗಾಲದಲ್ಲಿ ಕಲಾವಿದರು ಬಿಡುವಾಗಿರುತ್ತಾರೆ, ಆದರೆ ಜೂನ್ ಜುಲೈಯ ಮಳೆ ಬೇರೆಯೇ ತೊಂದರೆ ತರುತ್ತದೆ. ಸ್ಟುಡಿಯೋಗೆ ಶೀಟಿನ ಮಾಡು (ಛಾವಣಿ) ಇದ್ದರೆ ಮಳೆಯ ಸದ್ದು ಮೈಕಿಗೆ ಬೀಳುತ್ತದೆ. ಕರೆಂಟ್ ಹೋಗುತ್ತದೆ. ತೇವಕ್ಕೆ ತಬಲ, ಮದ್ದಳೆಯ ಚರ್ಮ ಸಡಿಲವಾಗಿ ಶ್ರುತಿ ನಿಲ್ಲುವುದಿಲ್ಲ. ನನ್ನ ಸಲಹೆ: ಮಳೆಗಾಲದಲ್ಲಿ ಹಕ್ಕಿನ ಪತ್ರ, ನಕ್ಷೆ, ಗೈಡ್, ಅಭ್ಯಾಸ ಮುಗಿಸಿ. ಮಳೆ ಕಡಿಮೆಯಾದ ಮೇಲೆ, ಮೇಳ ಹೊರಡುವ ಮೊದಲು, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ರೆಕಾರ್ಡಿಂಗ್ ಇಟ್ಟುಕೊಳ್ಳಿ.

ಸಂಭಾವನೆ ಎಷ್ಟು, ಯಾವಾಗ ಕೊಡುತ್ತೀರಿ, ಪ್ರಯಾಣ ಖರ್ಚು ಯಾರದ್ದು ಎಂದು ಮೊದಲೇ ಮಾತಾಡಿ. ಸ್ನೇಹದಲ್ಲಿ ಬಂದವರಿಗೂ ಊಟ, ಬಸ್ಸಿನ ದುಡ್ಡು, ಹಾಡಿನ ವಿವರದಲ್ಲಿ ಹೆಸರು ಇವು ತಪ್ಪಬಾರದು.

6. ಸ್ಟುಡಿಯೋ ನೋಡಿ ಬನ್ನಿ

ಮಂಗಳೂರು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ರೈಲಿದೆ, ಬಸ್ಸಿದೆ. ಹಾಗಾಗಿ ಆಯ್ಕೆ ಇದೆ. ಫೋನಿನಲ್ಲಿ ದರ ಕೇಳಿ ಬುಕ್ ಮಾಡುವ ಬದಲು ಒಮ್ಮೆ ಹೋಗಿ ನೋಡಿ. ಹಾಡುವ ಕೋಣೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಗೋಡೆಗೆ ಬಡಿದು ಮರಳಿ ಬರುತ್ತದೆಯೇ? ಹೆದ್ದಾರಿಯ ಲಾರಿ, ರೈಲಿನ ಸದ್ದು ಒಳಗೆ ಕೇಳುತ್ತದೆಯೇ? ಎಸಿ ಆರಿಸಿದರೆ ಎಷ್ಟು ಹೊತ್ತು ಕೂರಬಹುದು?

ಆಮೇಲೆ ಇಷ್ಟನ್ನು ಕೇಳಿ. ದರ ಗಂಟೆ ಲೆಕ್ಕವೋ ದಿನದ ಲೆಕ್ಕವೋ? ವಾದ್ಯ ಹೊಂದಿಸುವ, ಮೈಕ್ ಇಡುವ ಸಮಯವೂ ಅದರಲ್ಲಿ ಸೇರಿದೆಯೇ? ಎಡಿಟಿಂಗ್, ಮಿಕ್ಸಿಂಗ್, ಮಾಸ್ಟರಿಂಗ್ (ಕೊನೆಯ ಎರಡು ಏನೆಂದು 10ನೇ ಹಂತದಲ್ಲಿದೆ) ದರ ಬೇರೆಯೇ? ಮಿಕ್ಸ್ ಕೇಳಿದ ಮೇಲೆ ಎಷ್ಟು ಸಲ ತಿದ್ದಿಸಿಕೊಳ್ಳಬಹುದು? ಎಲ್ಲ ಟ್ರ್ಯಾಕುಗಳ ಫೈಲು ನಮಗೆ ಕೊಡುತ್ತೀರಾ? ಕರೆಂಟ್ ಹೋದರೆ ಬ್ಯಾಕಪ್ ಇದೆಯೇ? ಈ ಕೊನೆಯ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ.

7. ರೆಕಾರ್ಡಿಂಗಿನ ಕ್ರಮ

ಮೊದಲು ತಾಳವಾದ್ಯ. ಆಮೇಲೆ ಬೇಸ್ (ತಗ್ಗು ಸ್ವರದ ವಾದ್ಯ) ಇದ್ದರೆ ಅದು, ಕೀಬೋರ್ಡ್, ಗಿಟಾರ್. ಅದರ ಮೇಲೆ ಕೊಳಲು, ಪಿಟೀಲು. ಕೊನೆಗೆ ಮುಖ್ಯ ಗಾಯಕರು, ಅವರ ನಂತರ ಕೋರಸ್. ಹೀಗೆ ಮೊದಲಿನದರ ಮೇಲೆ ಮುಂದಿನದನ್ನು ಸೇರಿಸುತ್ತಾ ಹೋಗುವುದನ್ನು ಓವರ್‌ಡಬ್ ಅನ್ನುತ್ತಾರೆ. ಮೃದುವಾದ ಹಾಡಾದರೆ ಗಾಯನ ಮುಗಿದ ಮೇಲೆ ಕೊಳಲು ಇಡಿ, ಆಗ ಕೊಳಲಿನವರಿಗೆ ಸಾಲಿನ ನಡುವಿನ ಖಾಲಿ ಜಾಗ ಸರಿಯಾಗಿ ಸಿಗುತ್ತದೆ.

ಎಲ್ಲರನ್ನೂ ಒಂದೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕರೆಯಬೇಡಿ. ಕೋರಸಿನ ಮಕ್ಕಳು ಸಂಜೆಯವರೆಗೆ ಸುಮ್ನೆ ಕೂತು ಸುಸ್ತಾಗುತ್ತಾರೆ. ಒಂದು ದಿನ ವಾದ್ಯಗಳಿಗೆ, ಇನ್ನೊಂದು ದಿನ ಧ್ವನಿಗೆ ಇಡಿ. ಮುಖ್ಯ ಗಾಯನಕ್ಕೆ ಮೂರು ನಾಲ್ಕು ಗಂಟೆ ಬೇಕು. ಅದಕ್ಕಿಂತ ಜಾಸ್ತಿ ಎಳೆದರೆ ಗಂಟಲು ಕೇಳುವುದಿಲ್ಲ.

ಚರ್ಮವಾದ್ಯ ಮತ್ತು ಕೊಳಲನ್ನು ಅರ್ಧ ಗಂಟೆ ಮೊದಲೇ ಎಸಿ ಕೋಣೆಗೆ ತಂದಿಡಿ. ಹೊರಗಿನ ಸೆಖೆಯಲ್ಲಿ ಹೊಂದಿಸಿದ ಶ್ರುತಿ ಒಳಗೆ ಬದಲಾಗುತ್ತದೆ. ಕೊಳಲು ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಊದಿ ಬೆಚ್ಚಗಾದ ಮೇಲೆ ಏರುತ್ತದೆ. ಚೆಂಡೆಯ ಏಟಿಗೆ ಮೈಕನ್ನು ಹತ್ತಿರ ಇಡಬೇಡಿ, ಒಂದೆರಡು ಮೀಟರ್ ದೂರ ಇರಲಿ.

ಎಂಜಿನಿಯರ್ ಜೊತೆ ಎರಡು ಸಂಗತಿ ಖಚಿತ ಮಾಡಿ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇರಲಿ. ಇದು ಸದ್ದಿನ ವಿವರ ಎಷ್ಟು ಸೂಕ್ಷ್ಮವಾಗಿ ದಾಖಲಾಗುತ್ತದೆ ಎಂಬ ಅಳತೆ, ವಿಡಿಯೋಗೂ 48 ಹೊಂದುತ್ತದೆ. ಎರಡನೆಯದು ಸದ್ದಿನ ಮಟ್ಟ. ಮೀಟರಿನ ಮುಳ್ಳು ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿ ಆಡಲಿ, ಅತಿ ಜೋರಾದಾಗಲೂ ಮೈನಸ್ 6 ದಾಟದಿರಲಿ. ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತದೆ, ಒಡೆದದ್ದನ್ನು ಪೂರ್ತಿ ಸರಿ ಮಾಡಲಾಗದು. ಕಡಿಮೆ ಆದದ್ದನ್ನು ಆಮೇಲೆ ಏರಿಸಬಹುದು.

8. ಧ್ವನಿ, ಉಚ್ಚಾರ

ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ನಡುವೆ ಪಾಪ್ ಫಿಲ್ಟರ್ ಇರಲಿ. ಅದು 'ಪ', 'ಬ', 'ಫ' ಹೇಳುವಾಗ ಬರುವ ಗಾಳಿಯ ಹೊಡೆತವನ್ನು ತಡೆಯುವ ಜಾಲರಿ. ಮೇಲಿನ ಸ್ವರಕ್ಕೆ ಸ್ವಲ್ಪ ಹಿಂದೆ ಸರಿಯಿರಿ. ಒಂದು ಕಿವಿಯ ಹೆಡ್‌ಫೋನ್ ಸರಿಸಿ ಹಾಡುವ ಅಭ್ಯಾಸ ಇದ್ದರೆ ಆ ಕಡೆಯ ಸದ್ದನ್ನು ನಿಲ್ಲಿಸಲು ಹೇಳಿ. ಇಲ್ಲದಿದ್ದರೆ ಕ್ಲಿಕ್ ಸೋರಿ ಮೈಕಿಗೆ ಬೀಳುತ್ತದೆ, ಮೆಲ್ಲಗಿನ ಸಾಲಿನಲ್ಲಿ ಟಿಕ್ ಟಿಕ್ ಕೇಳಿಸುತ್ತದೆ.

ಮೊದಲು ಇಡೀ ಹಾಡನ್ನು ಮೂರು ನಾಲ್ಕು ಸಲ ನಿಲ್ಲಿಸದೆ ಹಾಡಿ. ಭಾವ ಸಿಗುವುದು ಅಲ್ಲಿ. ಆಮೇಲೆ ಸರಿಬಾರದ ಸಾಲುಗಳನ್ನು ಮಾತ್ರ ಮತ್ತೆ ಹಾಡಿ. ಇದಕ್ಕೆ ಪಂಚ್ ಅನ್ನುತ್ತಾರೆ. ಎಲ್ಲದರಿಂದ ಒಳ್ಳೆಯ ಸಾಲುಗಳನ್ನು ಆರಿಸಿ ಒಂದು ಗಾಯನ ಕಟ್ಟುವುದು ಕಾಂಪಿಂಗ್. ಮೊದಲಿನಿಂದಲೇ ಸಾಲು ಸಾಲಾಗಿ ಹಾಡಿದರೆ ಸ್ವರ ಸರಿ ಇರುತ್ತದೆ, ಹಾಡು ಮಾತ್ರ ಒಡೆದ ಹಾಗಿರುತ್ತದೆ.

ಈಗ ನನಗೆ ಅತಿ ಹತ್ತಿರದ ವಿಷಯ. ನಮ್ಮ ಜಿಲ್ಲೆಯಲ್ಲಿ ಕನ್ನಡ ಹಾಡುವವರ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಏನೂ ಇರಬಹುದು. ಮಲಯಾಳ ಮಾಧ್ಯಮದಲ್ಲಿ ಓದುವ ಮಕ್ಕಳೂ ಆಸೆಯಿಂದ ಕನ್ನಡ ಹಾಡುತ್ತಾರೆ. ಇದು ನಮ್ಮ ಭಾಗ್ಯ. ಆದ್ದರಿಂದಲೇ ಉಚ್ಚಾರವನ್ನು ಕಾಳಜಿಯಿಂದ ನೋಡಿಕೊಳ್ಳಬೇಕು. ಕನ್ನಡ ಓದಲು ಬಾರದ ಮಗುವಿಗೆ ಸಾಹಿತ್ಯವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಡಿ, ಅದರಲ್ಲಿ ನಾಚಿಕೆಯೇನಿಲ್ಲ. ಜೊತೆಗೆ ಕೂತು ಪ್ರತಿ ಸಾಲಿನ ಅರ್ಥ ಹೇಳಿಕೊಡಿ. ಅರ್ಥ ಗೊತ್ತಾದರೆ ಪದ ಎಲ್ಲಿ ಒಡೆಯಬೇಕು, ಎಲ್ಲಿ ಉಸಿರು ತೆಗೆಯಬೇಕು ಎಂದು ಗೊತ್ತಾಗುತ್ತದೆ.

ವಿಶೇಷವಾಗಿ ಗಮನಿಸಬೇಕಾದದ್ದು ಪದದ ಕೊನೆಯ 'ಉ'. ತುಳು, ಮಲಯಾಳದ ಬಾಯಿಗೆ ಅದು ಅರ್ಧ ನುಂಗಿದಂತೆ ಬರುತ್ತದೆ. ಕನ್ನಡದಲ್ಲಿ 'ಅದು', 'ಬಂದು', 'ಕಣ್ಣು' ಎಲ್ಲ ತುಟಿ ಮುಂದೆ ಬಂದು ಪೂರ್ತಿ ಕೇಳಬೇಕು. 'ಹ', 'ಧ', 'ಭ' ಇಂಥವು ಮೈಕಿನಲ್ಲಿ ಸುಲಭವಾಗಿ ಕಳೆದುಹೋಗುತ್ತವೆ. ಶ, ಷ, ಸ ಮೂರೂ ಒಂದೇ ಆಗದಿರಲಿ. ರೆಕಾರ್ಡಿಂಗಿನ ದಿನ ಕನ್ನಡ ಚೆನ್ನಾಗಿ ಬಲ್ಲ ಒಬ್ಬರನ್ನು, ಸಾಧ್ಯವಾದರೆ ಕನ್ನಡ ಮೇಷ್ಟ್ರನ್ನೇ, ಎಂಜಿನಿಯರ್ ಪಕ್ಕದಲ್ಲಿ ಕೂರಿಸಿ. ಅವರ ಕೈಯಲ್ಲಿ ಸಾಹಿತ್ಯದ ಹಾಳೆ, ಪೆನ್ಸಿಲ್ ಇರಲಿ. ಹಾಡುತ್ತಿರುವಾಗ ತಡೆಯಬಾರದು. ಗುರುತು ಹಾಕಿ, ಮುಗಿದ ಮೇಲೆ ಮೆಲ್ಲಗೆ ಹೇಳಬೇಕು. ಮಗುವಿನ ಧೈರ್ಯ ಕುಗ್ಗಿದರೆ ಆ ದಿನದ ಹಾಡು ಹೋಯಿತು.

ಹಿಂದಿನ ರಾತ್ರಿ ನಿದ್ದೆ ಬೇಕು, ಬೆಚ್ಚಗಿನ ನೀರು ಬೇಕು. ಹೊಟ್ಟೆ ತುಂಬಾ ಉಂಡು ಹಾಡಲು ನಿಲ್ಲಬೇಡಿ.

9. ಫೈಲುಗಳು

ಸ್ಟುಡಿಯೋದಿಂದ ಹೊರಡುವ ಮೊದಲು ಆ ದಿನದ ಕೆಲಸದ ಪ್ರತಿ ತೆಗೆದುಕೊಳ್ಳಿ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಮೋನೋ (ಎಡಬಲ ಎಂದು ಬೇರೆಯಾಗದ) ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ಐದು ನಿಮಿಷದ ಹಾಡಿನ 20 ಟ್ರ್ಯಾಕಿಗೆ ಸುಮಾರು 860 ಎಂಬಿ. ಬಳಸದೆ ಬಿಟ್ಟ ಟೇಕುಗಳೂ (ಒಂದೇ ಭಾಗವನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿದವು) ಸೇರಿದರೆ ಹಲವು ಜಿಬಿ. 32 ಜಿಬಿಯ ಪೆನ್‌ಡ್ರೈವ್ ಒಯ್ಯಿರಿ, ಮನೆಗೆ ಬಂದು ಇನ್ನೊಂದು ಕಡೆಗೂ ನಕಲು ಮಾಡಿ.

ಮಿಕ್ಸಿಂಗನ್ನು ಬೇರೆಯವರಿಂದ ಮಾಡಿಸುವುದಾದರೆ ಪ್ರತಿ ಟ್ರ್ಯಾಕೂ ಒಂದೇ ಜಾಗದಿಂದ, ಸೊನ್ನೆ ಸೆಕೆಂಡಿನಿಂದ ಶುರುವಾಗುವಂತೆ ಕೇಳಿ ಪಡೆಯಿರಿ. 97ನೇ ಬಾರಿನಲ್ಲಿ ಬರುವ ಚೆಂಡೆಯ ಟ್ರ್ಯಾಕಿನಲ್ಲೂ ಮೊದಲ ನಾಲ್ಕು ಮುಕ್ಕಾಲು ನಿಮಿಷ ಖಾಲಿ ಇರಬೇಕು. ಆಗ ಎಲ್ಲಿ ಇಟ್ಟರೂ ಜೋಡಿಯಾಗುತ್ತದೆ. ಹೆಸರೂ ಸ್ಪಷ್ಟವಾಗಿರಲಿ. 'ಆಡಿಯೋ 14' ಅಂದರೆ ಯಾರಿಗೆ ಗೊತ್ತಾಗುತ್ತದೆ?

10. ಮಿಕ್ಸ್ ಕೇಳುವುದು, ಹೊರಗೆ ಬಿಡುವುದು

ಮಿಕ್ಸಿಂಗ್ ಅಂದರೆ ಎಲ್ಲ ಟ್ರ್ಯಾಕುಗಳ ಏರಿಳಿತ, ಎಡಬಲ ಜಾಗ, ಪ್ರತಿಧ್ವನಿ ಹೊಂದಿಸುವುದು. ಮಾಸ್ಟರಿಂಗ್ ಅಂದರೆ ಆದ ಮಿಕ್ಸಿಗೆ ಕೊನೆಯ ಹದ ಕೊಡುವುದು. ರೆಕಾರ್ಡಿಂಗ್ ಆದ ದಿನವೇ ಮಿಕ್ಸಿಂಗಿಗೆ ಕೂರಬೇಡಿ, ಕಿವಿ ದಣಿದಿರುತ್ತದೆ. ಬಂದ ಮಿಕ್ಸನ್ನು ಫೋನಿನಲ್ಲಿ, ಕಾರಿನಲ್ಲಿ, ಮನೆಯ ಸಣ್ಣ ಸ್ಪೀಕರಿನಲ್ಲಿ ಕೇಳಿ. ಎಲ್ಲ ಕಡೆಯೂ ಮಾತು ಕೇಳುತ್ತಿದೆಯೇ ಎಂಬುದೇ ಮೊದಲ ಪರೀಕ್ಷೆ. ತಿದ್ದುಪಡಿ ಹೇಳುವಾಗ ಸಮಯ ಹಾಕಿ, ಒಬ್ಬರೇ ಬರೆದು ಕಳಿಸಿ: "1 ನಿಮಿಷ 40 ಸೆಕೆಂಡಿನಲ್ಲಿ ಕೊಳಲು ಜೋರು." ಮನೆಯವರೆಲ್ಲ ಬೇರೆ ಬೇರೆ ವಾಟ್ಸಾಪ್ ಮಾಡಿದರೆ ಎಂಜಿನಿಯರಿಗೆ ತಲೆಕೆಡುತ್ತದೆ.

ಸದ್ದು ಜೋರಾಗಿರಲಿ ಎಂದು ಒತ್ತಾಯಿಸಬೇಡಿ. ಸದ್ದಿನ ಸರಾಸರಿ ಮಟ್ಟವನ್ನು ಲಫ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸುಮಾರು ಮೈನಸ್ 14 ಲಫ್ಸ್‌ಗಿಂತ ಜೋರಾಗಿರುವುದನ್ನು ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ನೀವು ಹಿಂಡಿ ಹಿಂಡಿ ಜೋರು ಮಾಡಿದರೆ ಹಾಡಿನ ಏರಿಳಿತ ಹೋಗುತ್ತದೆ, ಬೇರೆ ಲಾಭವಿಲ್ಲ.

ಕೊನೆಗೆ ಸ್ಟುಡಿಯೋದಿಂದ ಮೂರು ಫೈಲು ಕೇಳಿ ಪಡೆಯಿರಿ: ಪೂರ್ತಿ ಹಾಡು, ಗಾಯನವಿಲ್ಲದ ಪ್ರತಿ, ಮುಖ್ಯ ಗಾಯನ ಮಾತ್ರ ಇಲ್ಲದೆ ಕೋರಸ್ ಇರುವ ಪ್ರತಿ. ವೇದಿಕೆಯಲ್ಲಿ ಹಾಡಲು ಮೂರನೆಯದೇ ಬೇಕಾಗುವುದು. ಮೂರೂ ಡಬ್ಲ್ಯುಎವಿ (ಸದ್ದನ್ನು ಕುಗ್ಗಿಸದೆ ಇಡುವ ಫೈಲು) ರೂಪದಲ್ಲಿರಲಿ, ಎಂಪಿ3 ಆಮೇಲೆ ನೀವೇ ಮಾಡಿಕೊಳ್ಳಬಹುದು. ಹಾಡು ಹಾಕುವಾಗ ವಿವರದಲ್ಲಿ ಕವಿ, ಸಂಗೀತ ಸಂಯೋಜಕರು, ಮೂಲ ಗಾಯಕರು, ನುಡಿಸಿದ ಪ್ರತಿಯೊಬ್ಬರು, ಎಂಜಿನಿಯರ್ ಮತ್ತು ಉಚ್ಚಾರ ನೋಡಿದವರ ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ. ಕಾಗುಣಿತವನ್ನು ಅವರವರಿಗೇ ತೋರಿಸಿ ಒಪ್ಪಿಸಿಕೊಂಡು ಆಮೇಲೆ ಹಾಕಿ.